ಮಡಿವಾಳ ಹಕ್ಕಿ ಒಪ್ಪಿದ ಹಲಸಿನ ಪೆಟ್ಟಿಗೆ

ಶಿರಸಿ ಪೇಟೆಯ ಬಡಗಿಯೊಬ್ಬರು ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟ ಗೂಡುಪೆಟ್ಟಿಗೆಗೆ 450 ರೂಪಾಯಿ ಕೊಟ್ಟೆ. ದುಬಾರಿಯಾಯಿತೆಂದು ಅತ್ತೆ ಗೊಣಗಿದರು. ಏಪ್ರಿಲ್‌ನಲ್ಲಿ ಮಡಿವಾಳ ಹಕ್ಕಿ ಅದರೊಳಗೆ ಸಂಸಾರ ಹೂಡಿದ ಮೇಲೆ, ಬೆಳಗಾದರೆ ಅಡುಗೆಮನೆಯ ಕಿಟಕಿಗೆ ಅಂಟಿಕೊಳ್ಳುವವರು ಅವರೇ.

ಹಲಗೆ ದಪ್ಪವಾದ್ದರಿಂದ ಬೇಸಿಗೆಯಲ್ಲೂ ಒಳಗೆ ಅಷ್ಟು ಕಾಯುವುದಿಲ್ಲ. ತಳದಲ್ಲಿ ನೀರಿಳಿಯಲು ತೂತುಗಳಿವೆ, ವಾರ್ನಿಷ್ ಬಳಿದಿಲ್ಲ. ಕಾವು ಕೂರುವುದು ಹೆಣ್ಣು ಮಾತ್ರ. ಗಂಡು ತೆಂಗಿನ ಗರಿಯ ಮೇಲೆ ಕುಳಿತು ಹಾಡುತ್ತದೆ, ನಮ್ಮ ಮನೆಯ ಗಂಡಸರ ಹಾಗೆ. ಮರಿಗಳಾದ ಮೇಲೆ ಅದೂ ಹುಳ ಹೊತ್ತು ತರುತ್ತದೆ, ಸುಳ್ಳು ಹೇಳಬಾರದು. ತೋಟದ ಮಿಡತೆ, ಕಂಬಳಿಹುಳುಗಳೆಲ್ಲ ತೆರೆದ ಬಾಯಿಗಳ ಪಾಲು.

ದೂರೂ ಇದೆ. ಬಾಗಿಲಿನ ಕೆಳಗೆ ಚೆಂದಕ್ಕೆಂದು ಒಂದು ಕಡ್ಡಿ ಸಿಕ್ಕಿಸಿದ್ದರು. ಹಕ್ಕಿಗೆ ಅದರ ಅಗತ್ಯವೇ ಇಲ್ಲ. ಕಾಗೆ, ಕೆಂಬೂತಗಳಿಗೆ ನಿಂತು ಕತ್ತು ಚಾಚಲು ಅನುಕೂಲ. ಪೆಟ್ಟಿಗೆ ತೂಗುಹಾಕುವ ಮೊದಲೇ ಗರಗಸದಿಂದ ಕೊಯ್ದು ಹಾಕಿದೆ. ಮುಚ್ಚಳಕ್ಕೆ ಮೊಳೆ ಹೊಡೆದಿರುವುದು ಇನ್ನೊಂದು ತಲೆನೋವು: ಮರಿಗಳು ಹಾರಿಹೋದ ಮೇಲೆ ಹಳೆಯ ಗೂಡು ತೆಗೆಯುವುದು ಹೇಗೆ? ಕೊಳ್ಳುವವರು ಬಿಜಾಗರಿ ಕೇಳಿ ಹಾಕಿಸಿಕೊಳ್ಳಿ. ಕಂಬಕ್ಕೆ ತಗಡನ್ನೂ ಸುತ್ತಿ. ನಮ್ಮ ಹಿತ್ತಲಿನ ಕೇರೆ ಹಾವು ಮರ ಹತ್ತುವುದರಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೂ ಕಡಿಮೆಯಿಲ್ಲ.