ಆ್ಯಕ್ಷನ್‌ಸ್ಕ್ರಿಪ್ಟ್ ಜೊತೆ ಹದಿನೇಳು ವರ್ಷ

ಆ್ಯಕ್ಷನ್‌ಸ್ಕ್ರಿಪ್ಟ್ ಅಂದರೆ ವೆಬ್‌ಗೆ ಅನಿಮೇಶನ್, ಆಟ ಮಾಡುತ್ತಿದ್ದ ಫ್ಲಾಶ್ ಎಂಬ ತಂತ್ರಾಂಶದ ಕೋಡ್ ಭಾಷೆ. ಸತ್ತುಹೋದ ಈ ಭಾಷೆಗೆ ಈಗ ಯಾಕಪ್ಪಾ ವಿಮರ್ಶೆ ಅಂತ ಕೇಳಬಹುದು. ಮೊನ್ನೆ ಹಳೇ ಹಾರ್ಡ್ ಡಿಸ್ಕ್‌ನಲ್ಲಿ 2004ರ ಒಂದು ಫೋಲ್ಡರ್ ಸಿಕ್ಕಿತು, ಅದೊಂದು ಕಾರಣ. ಜೊತೆಗೆ ಅಕ್ಕನ ಮಗ "ಮಾಮಾ, ವೆಬ್‌ನಲ್ಲಿ ಅನಿಮೇಶನ್ ಮಾಡೋಕೆ ಏನು ಕಲೀಲಿ" ಅಂತ ಬೆನ್ನು ಹತ್ತಿದ್ದಾನೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದ ಮಾಡಿ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು 2003ರಲ್ಲಿ, ಫ್ಲಾಶ್ ಎಂಎಕ್ಸ್‌ನಲ್ಲಿ. ಆಗ ಅದು ಮ್ಯಾಕ್ರೋಮೀಡಿಯಾ ಕಂಪನಿಯದು, ಅಡೋಬಿ ಕೈಗೆ ಹೋದದ್ದು 2005ರಲ್ಲಿ. ಮೈಸೂರಿನ ಒಂದು ಕಂಪ್ಯೂಟರ್ ಸೆಂಟರ್‌ಗೆ ಮೂರು ತಿಂಗಳ ಫೀಸ್ ಕಟ್ಟಿದ್ದೆ. ಎರಡೂವರೆ ತಿಂಗಳು ಚೆಂಡನ್ನು ಎಡದಿಂದ ಬಲಕ್ಕೆ ಓಡಿಸಿದ್ದೇ ಆಯಿತು. ಸ್ಕ್ರಿಪ್ಟ್ ಯಾವಾಗ ಸಾರ್ ಅಂದರೆ "ಅದು ಅಡ್ವಾನ್ಸ್ಡ್, ಬೇರೆ ಕೋರ್ಸ್" ಅಂದರು. ಹಾಗಾಗಿ ಸ್ಕ್ರಿಪ್ಟ್ ಕಲಿತದ್ದು ಎಫ್9 ಒತ್ತಿ ಕೋಡ್ ಬರೆಯುವ ಕಿಟಕಿ ತೆರೆದು, ಸುಮ್ನೆ ಕೈಯಾಡಿಸಿಕೊಂಡು.

ಹಾಗೆ ಕೈಯಾಡಿಸಿ ಕಲಿಯಲು ಬಿಡುತ್ತಿತ್ತಲ್ಲ, ಅದೇ ಈ ಭಾಷೆಯ ದೊಡ್ಡ ಗುಣ. ಒಂದು ಬಲೂನು ಬರೆಯಿರಿ. ಎಫ್8 ಒತ್ತಿ ಮೂವಿ ಕ್ಲಿಪ್ (ಕೋಡ್ ಹೇಳಿದಂತೆ ಕೇಳುವ ವಸ್ತು) ಮಾಡಿ. ಅದನ್ನು ಆರಿಸಿಕೊಂಡು ಎಫ್9 ಒತ್ತಿ, ಕೋಡನ್ನು ಆ ಬಲೂನಿನ ಮೇಲೇ ಬರೆಯಿರಿ. ಕಂಟ್ರೋಲ್ ಎಂಟರ್ ಒತ್ತಿದರೆ ಹಾರುತ್ತದೆ. ಚಿತ್ರ ಒಂದು ಕಡೆ, ಕೋಡ್ ಇನ್ನೊಂದು ಕಡೆ, ಎರಡನ್ನೂ ಹೆಸರು ಕೊಟ್ಟು ಕೂಡಿಸಬೇಕು ಅನ್ನುವ ತಾಪತ್ರಯವೇ ಇಲ್ಲ. ಗಣಿತದಲ್ಲಿ ಯಾವತ್ತೂ ಪಾಸಾಗುವಷ್ಟೇ ಅಂಕ ತೆಗೆದ ನನಗೆ ಎಕ್ಸ್, ವೈ ಅಂದರೇನು ಅಂತ ಅರ್ಥವಾದದ್ದೇ ಆ ಬಲೂನಿನಿಂದ (ಪರದೆಯಲ್ಲಿ ವೈ ಕೆಳಕ್ಕೆ ಹೋದಷ್ಟೂ ಜಾಸ್ತಿಯಾಗುತ್ತದೆ, ಶಾಲೆಯಲ್ಲಿ ಕಲಿತದ್ದಕ್ಕೆ ಉಲ್ಟಾ, ಅದಕ್ಕೂ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ).

ಆಗ ಕಲಿತ ಒಂದು ಸಾಲು ಇವತ್ತಿಗೂ ಅನ್ನ ಹಾಕುತ್ತಿದೆ. ಪ್ರತಿ ಫ್ರೇಮ್‌ಗೆ (ಅನಿಮೇಶನ್‌ನ ಒಂದೊಂದು ಚಿತ್ರಕ್ಕೆ), ತಲುಪಬೇಕಾದ ಜಾಗಕ್ಕೂ ಈಗಿರುವ ಜಾಗಕ್ಕೂ ಎಷ್ಟು ದೂರವೋ ಅದರ ಐದನೇ ಒಂದು ಭಾಗ ಮಾತ್ರ ಮುಂದೆ ಹೋಗು. ಅಷ್ಟೇ. ಸೊನ್ನೆಯಿಂದ 100ಕ್ಕೆ ಹೋಗಬೇಕಿದ್ದರೆ ಮೊದಲು 20 ಹೆಜ್ಜೆ, ಆಮೇಲೆ 16, ಆಮೇಲೆ 12.8. ಮೊದಲು ಜೋರಾಗಿ ಹೊರಟು, ಹತ್ತಿರ ಬಂದಂತೆ ನಿಧಾನವಾಗಿ, ಸ್ಟಾಪಿಗೆ ಬಂದ ಬಸ್ಸಿನ ಹಾಗೆ ಮೆಲ್ಲಗೆ ನಿಲ್ಲುತ್ತದೆ. ಹೊಸ ಫೈಲ್ ತೆರೆದರೆ ಆಗ ಸೆಕೆಂಡಿಗೆ 12 ಫ್ರೇಮ್ ಇರುತ್ತಿತ್ತು. ಅಷ್ಟರಲ್ಲೂ ಈ ಚಲನೆ ಕಣ್ಣಿಗೆ ಹಿತವಾಗಿ ಕಾಣುತ್ತಿತ್ತು.

ಈಗ ಬೈಗುಳ. ಹಳೇ ಆ್ಯಕ್ಷನ್‌ಸ್ಕ್ರಿಪ್ಟ್ ತಪ್ಪು ಮಾಡಿದರೆ ಹೇಳುತ್ತಲೇ ಇರಲಿಲ್ಲ. ಕ್ಲಿಪ್‌ನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಬಲೂನು ಸುಮ್ಮನೆ ನಿಂತಿರುತ್ತದೆ, ನೀವೂ ಸುಮ್ಮನೆ ಕೂತಿರುತ್ತೀರಿ. ಟ್ರೇಸ್ (ಒಳಗೆ ಏನಾಗುತ್ತಿದೆ ಅಂತ ಬರೆದು ತೋರಿಸುವ ಆದೇಶ) ಹಾಕಿ ಹಾಕಿ ಹುಡುಕಬೇಕು. ಫ್ಲಾಶ್ ಫೈಲನ್ನು ಬ್ರೌಸರ್‌ನಲ್ಲಿ ಓಡಿಸುತ್ತಿದ್ದ ಪ್ಲೇಯರ್‌ನ 6ನೇ ಆವೃತ್ತಿಯವರೆಗೆ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವೇ ಇರಲಿಲ್ಲ. 7ಕ್ಕೆ ಪಬ್ಲಿಶ್ ಮಾಡಿದ ಕೂಡಲೇ ವ್ಯತ್ಯಾಸ ಬಂತು, ಚೆನ್ನಾಗಿ ಓಡುತ್ತಿದ್ದ ಹಳೇ ಕೆಲಸಗಳು ಕುಂಟಿದವು. ಇನ್ನೊಬ್ಬರ ಫೈಲ್ ಕೈಗೆ ಬಂದರಂತೂ ಮುಗಿಯಿತು. ಕೋಡ್ ಯಾವ ಫ್ರೇಮಿನ ಯಾವ ಕ್ಲಿಪ್‌ನ ಒಳಗಿನ ಯಾವ ಬಟನ್ ಮೇಲೆ ಕೂತಿದೆ ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಆಗುತ್ತಿತ್ತು. ಕೋಡನ್ನು ಚಿತ್ರದ ಮೇಲೇ ಬರೆಯುವ ಸುಖಕ್ಕೆ ಬಡ್ಡಿ ಇದು.

ಕನ್ನಡದ ಕಥೆ ಬೇರೆಯೇ ಇದೆ. ಬೆಂಗಳೂರಿಗೆ ಬಂದು ಪಾಠಗಳ ಸಿಡಿ ಮಾಡುವ ಆಫೀಸ್ ಒಂದಕ್ಕೆ ಸೇರಿದ್ದೆ. ಪ್ರೈಮರಿ ಮಕ್ಕಳ ಲೆಕ್ಕದ ಆಟ, ಎಲ್ಲ ಕನ್ನಡದಲ್ಲಿ. ಹಳೇ ಟೆಕ್ಸ್ಟ್ ಫೀಲ್ಡ್‌ಗೆ ಯೂನಿಕೋಡ್ ಕನ್ನಡದ ಒತ್ತು ಜೋಡಿಸುವುದು ಬರುತ್ತಿರಲಿಲ್ಲ. ಆದ್ದರಿಂದ ನಾವೆಲ್ಲ ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತುಂಬಿದಂಥವು) ಟೈಪ್ ಮಾಡಿ, ಎರಡು ಸಲ ಕಂಟ್ರೋಲ್ ಬಿ ಒತ್ತಿ ಅಕ್ಷರವನ್ನು ಚಿತ್ರವಾಗಿ ಒಡೆಯುತ್ತಿದ್ದೆವು. ಆಮೇಲೆ ಕಾಗುಣಿತದ ತಪ್ಪು ಸಿಕ್ಕರೆ ಪೂರ್ತಿ ಮತ್ತೆ ಬರೆಯಬೇಕು. ಅಂಕದಂತೆ ಬದಲಾಗುವ ಸಾಲನ್ನು ಒಡೆಯುವ ಹಾಗಿಲ್ಲ, ಅದಕ್ಕೆ ಫಾಂಟನ್ನೇ ಫೈಲಿನೊಳಗೆ ಸೇರಿಸಬೇಕು. ಒಂದು ಸಲ ನಾನು ಮರೆತೆ. ನಮ್ಮ ಮಷಿನ್‌ನಲ್ಲಿ ಫಾಂಟ್ ಇತ್ತು, ಚೆನ್ನಾಗಿಯೇ ಕಂಡಿತು. ಗಿರಾಕಿಯ ಮಷಿನ್‌ನಲ್ಲಿ "ಶಭಾಷ್" ಅನ್ನುವ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವತ್ತು ತಿಂದ ಬೈಗುಳ ಇನ್ನೂ ಅರಗಿಲ್ಲ. 2008ರಲ್ಲಿ ಪ್ಲೇಯರ್ 10ರ ಜೊತೆ ಹೊಸ ಟೆಕ್ಸ್ಟ್ ಎಂಜಿನ್ ಬಂದು ಭಾರತದ ಲಿಪಿಗಳು ನೆಟ್ಟಗಾದವು, ಆದರೆ ಅಷ್ಟು ಹೊತ್ತಿಗೆ ಒಡೆಯುವುದು ನಮಗೆ ಕೈಚಟವಾಗಿತ್ತು.

2006ರಲ್ಲಿ ಪ್ಲೇಯರ್ 9ರ ಜೊತೆ ಆ್ಯಕ್ಷನ್‌ಸ್ಕ್ರಿಪ್ಟ್‌ನ ಮೂರನೇ ಆವೃತ್ತಿ ಬಂತು. ವೇಗ ಜಾಸ್ತಿ, ಶಿಸ್ತೂ ಜಾಸ್ತಿ. ಬಲೂನಿನ ಮೇಲೆ ಕೋಡ್ ಬರೆಯುವುದು ಬಂದ್. ಕೋಡಿನಲ್ಲಿ ಎಕ್ಸ್ ಹಿಂದೆ ಹಾಕುತ್ತಿದ್ದ ಅಂಡರ್‌ಸ್ಕೋರ್ ಹೋಯಿತು. ನೂರರವರೆಗೆ ಇದ್ದ ಆಲ್ಫಾ (ಚಿತ್ರ ಎಷ್ಟು ಗಾಢವಾಗಿ ಕಾಣಬೇಕು ಅನ್ನುವ ಅಳತೆ) ಒಂದಕ್ಕೆ ಇಳಿಯಿತು, ಅಭ್ಯಾಸಬಲದಿಂದ 50 ಅಂತ ಕೊಟ್ಟರೆ ಬಲೂನು ಮಸುಕಾಗುವುದೇ ಇಲ್ಲ. ಬಾಯಿಲ್ಲದ ಭಾಷೆಗೆ ಈಗ ಬಾಯಿ ಬಂತು, ಮಾತೆತ್ತಿದರೆ ಎರರ್ 1009. ಇಲ್ಲದ ವಸ್ತುವನ್ನು ಮುಟ್ಟಲು ಹೋಗುತ್ತಿದ್ದೀಯಾ ಅಂತ ಅದರ ಅರ್ಥ. ಪ್ರೋಗ್ರಾಮಿಂಗ್ ಓದಿ ಬಂದವರಿಗೆ ಹಬ್ಬ. ಚಿತ್ರ ಬರೆಯುತ್ತಾ ಕೋಡಿಗೆ ಬಂದ ನನ್ನ ಜೊತೆಯವರಲ್ಲಿ ಇಬ್ಬರು ಆಗಲೇ ಕೈಬಿಟ್ಟರು. ನಾನು ಆರು ತಿಂಗಳು ಒದ್ದಾಡಿ ಕಲಿತೆ, ಮತ್ತು ಈಗ ಹೇಳುತ್ತೇನೆ, ಆ ಒದ್ದಾಟ ಇಲ್ಲದಿದ್ದರೆ ಬ್ರೌಸರ್‌ಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ನನಗೆ ಬರುತ್ತಿರಲಿಲ್ಲ. ಎರಡೂ ಇಕ್ಮಾಸ್ಕ್ರಿಪ್ಟ್ ಎಂಬ ಒಂದೇ ಮಾನದಂಡದ ಮನೆಯವು. ಕ್ಲಿಕ್‌ನಂಥ ಘಟನೆಗೆ ಕಿವಿಗೊಡುವ ಇವೆಂಟ್ ಲಿಸನರ್ ಹಾಕುವ ಸಾಲಂತೂ ಹೆಚ್ಚುಕಡಿಮೆ ಹಾಗೇ ಇದೆ.

ಆಮೇಲಿನದು ಗೊತ್ತೇ ಇದೆ. ಐಫೋನ್ ಫ್ಲಾಶನ್ನು ಒಳಗೆ ಬಿಡಲಿಲ್ಲ, 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಯಾಕೆ ಅಂತಲೂ ಹೇಳಿದರು. 2020ರ ಡಿಸೆಂಬರ್ 31ಕ್ಕೆ ಪ್ಲೇಯರ್‌ಗೆ ಬೆಂಬಲ ನಿಂತಿತು, 2021ರ ಜನವರಿ 12ರಿಂದ ಅದರೊಳಗೆ ಏನೂ ಓಡದ ಹಾಗೆ ತಡೆದರು. ಇಡೀ ಕೆಲಸ ಒಂದೇ ಕಂಪನಿಯ ಒಂದೇ ಪ್ಲಗಿನ್ ಮೇಲೆ ನಿಂತಿತ್ತು. ನನಗೆ ಇದು 2010ರಲ್ಲೇ ಹೊಳೆಯಬೇಕಿತ್ತು. ಕೊನೆಯವರೆಗೂ ಹಳೇ ಗಿರಾಕಿಗಳ ರಿಪೇರಿ ಕೆಲಸ ಮಾಡುತ್ತಾ ಕೂತೆ, ಅದು ನನ್ನ ಸೋಮಾರಿತನ, ಭಾಷೆಯ ತಪ್ಪಲ್ಲ.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು. ಆ್ಯಕ್ಷನ್‌ಸ್ಕ್ರಿಪ್ಟ್ ಬೇಡ ಮಾರಾಯ. ಪಿ5.ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ ಶುರು ಮಾಡು. ಬ್ರೌಸರ್‌ನಲ್ಲೇ ಅದರ ಎಡಿಟರ್ ಇದೆ, ದುಡ್ಡಿಲ್ಲ, ನಾಲ್ಕು ಸಾಲಿಗೆ ಏನೋ ಒಂದು ಅಲುಗಾಡುತ್ತದೆ. ವೆಬ್‌ಸೈಟಿನ ಕೆಲಸಕ್ಕೆ ಜಿಸ್ಯಾಪ್ ಎಂಬ ಅನಿಮೇಶನ್ ಲೈಬ್ರರಿ ಕಲಿ. ಅದರ ಬೇರು ಇರುವುದೂ ಫ್ಲಾಶ್ ಕಾಲದ ಟ್ವೀನ್‌ಲೈಟ್‌ನಲ್ಲೇ, 2025ರಿಂದ ಪೂರ್ತಿ ಉಚಿತ. ಬರೆದ ಚಿತ್ರದ ಜೊತೆ ಟೈಮ್‌ಲೈನ್ (ಫ್ರೇಮ್‌ಗಳ ಸಾಲು) ಬೇಕೇ ಬೇಕು ಅಂದರೆ ಫ್ಲಾಶ್‌ನ ಈಗಿನ ರೂಪವಾದ ಅಡೋಬಿ ಅನಿಮೇಟ್‌ನಲ್ಲಿ ಎಚ್‌ಟಿಎಂಎಲ್5 ಕ್ಯಾನ್ವಾಸ್ ಅಂತ ಇದೆ, ಆದರೆ ಅಲ್ಲಿ ಕೋಡಿನಲ್ಲಿ ಫ್ರೇಮ್ ಎಣಿಕೆ ಸೊನ್ನೆಯಿಂದ. ಒಂದರಿಂದ ಎಣಿಸಿ ಎಣಿಸಿ ರೂಢಿಯಾದ ನಾನು ಇನ್ನೂ ವಾರಕ್ಕೊಮ್ಮೆ ಪಕ್ಕದ ಫ್ರೇಮಿಗೆ ಹೋಗಿ ಬೀಳುತ್ತೇನೆ. ಇವೆಲ್ಲವೂ ಒಳ್ಳೆಯವೇ, ಆದರೆ ಬರೆದದ್ದರ ಮೇಲೆ ಕ್ಲಿಕ್ ಮಾಡಿ ಅದಕ್ಕೇ ಮಾತು ಕಲಿಸುವ ಆ ಸುಲಭ ಮಾತ್ರ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ. ಕಲಿಯಲು ಐದಕ್ಕೆ ಐದು ನಕ್ಷತ್ರ, ನಂಬಿ ಕೂರಲು ಒಂದು.

ಅಂದಹಾಗೆ ಆ 2004ರ ಫೋಲ್ಡರ್. ಹಳೇ ಫ್ಲಾಶ್ ಫೈಲ್ ಓಡಿಸುವ ರಫಲ್ ಅನ್ನುವ ಎಮ್ಯುಲೇಟರ್‌ನಲ್ಲಿ ಹಾಕಿ ನೋಡಿದೆ, ಹಳೇ ಆವೃತ್ತಿಯ ಕೋಡ್ ಅದರಲ್ಲಿ ಚೆನ್ನಾಗಿ ಓಡುತ್ತದೆ. ಬಲೂನುಗಳು ಹಾರಿದವು, ಒಡೆದವು, ಅಂಕ ಏರಿತು. ಆಟ ಮುಗಿದ ಮೇಲೆ "ಶಭಾಷ್" ಬರಬೇಕಾದ ಕಡೆ ಅದೇ ಇಂಗ್ಲಿಷ್ ಅಕ್ಷರಗಳು ಬಂದು ನಿಂತವು.