ಡಬ್ಲಿನ್‌ನಿಂದ ಕೋಟೆ ನೋಡಲು ಹೊರಡುವ ಮುಂಚೆ ವೀಸಾ ತೆರೆದು ನೋಡಿ

ಊರಿಂದ ಅಪ್ಪ-ಅಮ್ಮನನ್ನು ಐರ್ಲೆಂಡಿಗೆ ಕರೆಸಿಕೊಳ್ಳುತ್ತಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ಡಬ್ಲಿನ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಬಸ್ ಟೂರ್ ಬುಕ್ ಮಾಡಬೇಕು ಅಂತಿದ್ದರೆ ಇನ್ನೂ ಗಮನವಿಟ್ಟು ಓದಿ. ಮೇ ತಿಂಗಳಲ್ಲಿ ನಾವು ಮೂರು ಜನ ಅಂಥ ಒಂದು ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿಯಬೇಕಾಯಿತು. 255 ಯೂರೋ ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅಪ್ಪನ ಮುಖ ನೋಡಿ.

ಅಪ್ಪ ಹಾಸನದ ಕಡೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವರು. ಕೋಟೆ ಅಂದರೆ ಪ್ರಾಣ. ಪ್ರತಿ ವರ್ಷ ಮಕ್ಕಳನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇಲ್ಲಿಗೆ ಬರುವ ಮುಂಚೆಯೇ ಫೋನಿನಲ್ಲಿ ಡನ್ಲೂಸ್ ಕೋಟೆಯ ಫೋಟೋ ಕಳಿಸಿದ್ದರು. ಸಮುದ್ರದ ಅಂಚಿನ ಬಂಡೆಯ ಮೇಲೆ, ಇನ್ನೇನು ಬಿದ್ದೇಬಿಡುತ್ತದೆ ಅನ್ನೋ ಹಾಗೆ ನಿಂತಿರುವ ಪಾಳು ಕೋಟೆ ಅದು. 1639ರಲ್ಲಿ ಬಿರುಗಾಳಿಯ ರಾತ್ರಿ ಅದರ ಅಡುಗೆಮನೆ ಅಡುಗೆಯವರ ಸಮೇತ ಸಮುದ್ರಕ್ಕೆ ಕುಸಿದು ಬಿತ್ತು ಅಂತ ಅಲ್ಲಿಯ ಜನ ಕಥೆ ಹೇಳುತ್ತಾರೆ. "ಅಡುಗೆಮನೆ ಇದ್ದ ಜಾಗ ನೋಡಲೇಬೇಕು" ಅಂತ ಅಪ್ಪ ಮೂರು ಸಲ ಹೇಳಿದ್ದರು.

ಹಾಗಾಗಿ ಹುಡುಕಿದೆ. "ಐರ್ಲೆಂಡಿನ ಐತಿಹಾಸಿಕ ಕೋಟೆಗಳು ಮತ್ತು ಕಡಲ ತೀರದ ಊರುಗಳು, ಒಂದೇ ದಿನದಲ್ಲಿ" ಅಂತ ಒಂದು ಟೂರ್ ಸಿಕ್ಕಿತು. ತಲೆಗೆ 85 ಯೂರೋ. ಕ್ಯಾರಿಕ್‌ಫರ್ಗಸ್, ಬ್ಯಾಲಿಕಾಸಲ್, ಡನ್ಲೂಸ್, ಪೋರ್ಟ್‌ರಷ್, ಆಮೇಲೆ ಜೈಂಟ್ಸ್ ಕಾಸ್‌ವೇ. ಹೆಸರು ಹೆಸರಿಗೂ ಚಂದದ ಫೋಟೋ. ಪುಟದಲ್ಲಿ ಎಲ್ಲಿ ನೋಡಿದರೂ "ಐರ್ಲೆಂಡ್" ಅಂತಲೇ ಇತ್ತು.

ಆದರೆ ಈ ಐದೂ ಜಾಗ ಇರುವುದು ಉತ್ತರ ಐರ್ಲೆಂಡಿನಲ್ಲಿ. ಅಂದರೆ ಬ್ರಿಟನ್ನಿಗೆ, ಯುಕೆಗೆ ಸೇರಿದ ನೆಲದಲ್ಲಿ. ದ್ವೀಪ ಒಂದೇ. 1921ರಿಂದ ಅದು ಎರಡು ಭಾಗ. ಆರು ಕೌಂಟಿಗಳು (ನಮ್ಮ ಜಿಲ್ಲೆಗಳ ಥರ) ಯುಕೆಯಲ್ಲಿ, ಮಿಕ್ಕ 26 ಐರ್ಲೆಂಡ್ ಗಣರಾಜ್ಯದಲ್ಲಿ. ಟೂರ್ ಮಾರುವವರಿಗೆ ಎಲ್ಲವೂ "ಐರ್ಲೆಂಡ್". ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಹಾಗಲ್ಲ. ಅದು ಬೇರೆ ದೇಶ, ಬೇರೆ ವೀಸಾ.

ನನಗೆ ಇದು ಗೊತ್ತೇ ಇರಲಿಲ್ಲವಾ? ಲಂಡನ್ನಿಗೆ ಹೋಗಲು ವೀಸಾ ಬೇಕು ಅಂತ ಗೊತ್ತಿತ್ತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆಗೂ ಬೇಕಾಗಬಹುದು ಅಂತ ಅನುಮಾನ ಇತ್ತು. ಅದಕ್ಕೇ ಬುಕ್ ಮಾಡುವ ಮುಂಚೆ ಆ ಕಂಪನಿಯ ಚಾಟ್‌ನಲ್ಲಿ ಕೇಳಿದೆ. "ಗಡಿಯಲ್ಲಿ ಪಾಸ್‌ಪೋರ್ಟ್ ಚೆಕ್ ಇರುವುದಿಲ್ಲ" ಅಂತ ಉತ್ತರ ಬಂತು. ಅಷ್ಟೇ. ವೀಸಾ ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಆಫೀಸಿನಲ್ಲಿ ಇಬ್ಬರನ್ನು ಕೇಳಿದೆ. "ನಾವು ಹೋಗಿ ಬಂದಿದ್ದೀವಿ, ಯಾರೂ ಕೇಳಲ್ಲ, ಸುಮ್ನೆ ಹೋಗಿ ಬನ್ನಿ" ಅಂದರು. ನಾನು ನಂಬಿದೆ. ಅಲ್ಲೇ ತಪ್ಪಿದ್ದು.

ಆ ದಿನ ಅಮ್ಮ ನಾಲ್ಕು ಗಂಟೆಗೇ ಎದ್ದು ಚಿತ್ರಾನ್ನ ಕಲಸಿ, ಚಪಾತಿ ಮಾಡಿ ಡಬ್ಬಿಗೆ ತುಂಬಿದ್ದರು. ಓಕಾನೆಲ್ ಸ್ಟ್ರೀಟ್ ಹತ್ತಿರ ಆರೂವರೆಗೆ ಬಸ್ ಹತ್ತಿದೆವು. ಎಂ1 ಹೆದ್ದಾರಿಯಲ್ಲಿ ಡ್ರಾಹೆಡಾ ಬಳಿ ಬಾಯ್ನ್ ನದಿ ದಾಟುವಾಗ ಗೈಡ್ 1690ರ ಬಾಯ್ನ್ ಯುದ್ಧದ ಕಥೆ ಶುರು ಮಾಡಿದರು. ವಯಸ್ಸಾದ ಮನುಷ್ಯ, ತುಂಬಾ ಚೆನ್ನಾಗಿ ಹೇಳುತ್ತಿದ್ದರು. ಅಪ್ಪ ಮುಂದಿನ ಸೀಟಿಗೆ ಹೋಗಿ ಕೂತು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಇಸವಿಗಳನ್ನು ಬರೆದುಕೊಳ್ಳುತ್ತಿದ್ದರು. ಇಬ್ಬರು ರಾಜರು, ಜೇಮ್ಸ್ ಮತ್ತು ವಿಲಿಯಂ, ಮಾವ-ಅಳಿಯ ಅಂತ ಗೊತ್ತಾದಾಗ ನನ್ನ ಕಡೆ ತಿರುಗಿ ಜೋರಾಗಿ ಹೇಳಿದರು. ಅಷ್ಟು ಖುಷಿಯಾಗಿದ್ದರು.

ಗಡಿಯ ಹತ್ತಿರದ ಡಂಡಾಕ್ ಊರಿಗೆ ಸ್ವಲ್ಪ ಮೊದಲು ಹೆದ್ದಾರಿ ಪಕ್ಕ ಕಾಫಿಗೆ ನಿಲ್ಲಿಸಿದರು. ಇಳಿಯುವಾಗ ಗೈಡ್ ಮೈಕಿನಲ್ಲಿ, "ಇನ್ನು ಸ್ವಲ್ಪ ಹೊತ್ತಿಗೆ ಗಡಿ ದಾಟುತ್ತೇವೆ, ಯುಕೆ ವೀಸಾ ಬೇಕಾದವರು ಇದ್ದರೆ ನನ್ನ ಜೊತೆ ಮಾತಾಡಿ" ಅಂದರು. ನಾನು ಹೋಗಿ ಮಾತಾಡಿದೆ. ಅಪ್ಪ-ಅಮ್ಮನ ವೀಸಾ ನೋಡಿದ ತಕ್ಷಣ ಗೈಡ್ ಮುಖ ಬದಲಾಯಿತು.

"ಇದು ಒಂದೇ ಸಲದ ಪ್ರವೇಶದ ವೀಸಾ" ಅಂದರು. "ಹೋಗುವಾಗ ಯಾರೂ ತಡೆಯದೇ ಇರಬಹುದು. ಬರುವಾಗ ಈ ಡಂಡಾಕ್ ಹತ್ತಿರವೇ ಗಾರ್ಡ ಪೊಲೀಸರು ಬಸ್ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳುವುದಿದೆ. ನಾನು ಇಳಿಯಿರಿ ಅಂತ ಹೇಳಲಾರೆ, ಬನ್ನಿ ಅಂತಲೂ ಹೇಳಲಾರೆ."

ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು. ಅದರ ಅರ್ಥ ಇಷ್ಟು. ಅಪ್ಪ-ಅಮ್ಮ ಗಡಿ ದಾಟಿದರೆ ಯುಕೆಗೆ ವೀಸಾ ಇಲ್ಲದೆ ಹೋದ ಹಾಗೆ. ಅದೇ ಹೊತ್ತಿಗೆ ಐರ್ಲೆಂಡ್ ಬಿಟ್ಟು ಹೊರಗೆ ಹೋದ ಹಾಗೂ ಆಗುತ್ತದೆ. ಉತ್ತರ ಐರ್ಲೆಂಡಿಗೆ ಒಂದು ಗಂಟೆ ಹೋದರೂ ಅಷ್ಟೇ, ವಾಪಸ್ ಬರಲು ಹೊಸ ವೀಸಾ ಬೇಕು. ಅವರ ಬಟ್ಟೆ, ಅಮ್ಮನ ಬಿಪಿ ಮಾತ್ರೆ, ಊರಿಗೆ ಮರಳುವ ವಿಮಾನ, ಎಲ್ಲಾ ಡಬ್ಲಿನ್‌ನಲ್ಲಿ. ಎಪ್ಪತ್ತರ ಹತ್ತಿರದ ಇಬ್ಬರನ್ನು ನಾನು ಎಂಥ ಜಾಗಕ್ಕೆ ತಂದು ನಿಲ್ಲಿಸಿದ್ದೆ!

ಅಪ್ಪನಿಗೆ ವಿಷಯ ಹೇಳಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. "ಕದ್ದು ಹೋಗಿ ನೋಡೋ ಕೋಟೆ ಬೇಡಮ್ಮ, ಇಳಿಯೋಣ" ಅಂದರು. ಚೀಲ ತೆಗೆದುಕೊಂಡು ಇಳಿದೆವು. ಬಸ್ ಹೊರಟಿತು. ಗಾಳಿ ಜೋರಾಗಿತ್ತು. ಅಮ್ಮ ಡಬ್ಬಿಯ ಚೀಲ ತೊಡೆ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತರು. ಅಪ್ಪ ಬರೆದುಕೊಳ್ಳುತ್ತಿದ್ದ ಪುಸ್ತಕ ಜೇಬಿಗೆ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ. ಟ್ಯಾಕ್ಸಿ ಬರಲು 40 ನಿಮಿಷ ಆಯಿತು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಂಪನಿ ಒಂದು ಯೂರೋ ಕೂಡ ವಾಪಸ್ ಕೊಡಲಿಲ್ಲ. "ಪ್ರಯಾಣದ ದಾಖಲೆಗಳು ಪ್ರಯಾಣಿಕರ ಜವಾಬ್ದಾರಿ" ಅಂತ ಷರತ್ತುಗಳ ಹನ್ನೊಂದನೇ ಸಾಲಿನಲ್ಲಿತ್ತಂತೆ. ಆನ್‌ಲೈನಿನಲ್ಲಿ ಕೊಂಡಿದ್ದನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕು ಇದೆಯಲ್ಲ ಅಂತ ನೀವು ಕೇಳಬಹುದು. ದಿನ ಗೊತ್ತುಮಾಡಿದ ಟೂರ್ ಟಿಕೆಟ್‌ಗೆ ಅದು ಅನ್ವಯಿಸುವುದಿಲ್ಲ. ಚಾಟ್‌ನಲ್ಲಿ ಬಂದ ಉತ್ತರದ ಸ್ಕ್ರೀನ್‌ಶಾಟ್ ನಾನು ಇಟ್ಟುಕೊಂಡಿರಲಿಲ್ಲ. ನೀವು ಇಟ್ಟುಕೊಳ್ಳಿ. ಆಮೇಲೆ ಕೂತು ಕಾರ್ಯಕ್ರಮದ ಪಟ್ಟಿ ಓದಿದರೆ ಇನ್ನೊಂದು ಗೊತ್ತಾಯಿತು. ಕ್ಯಾರಿಕ್‌ಫರ್ಗಸ್ ಕೋಟೆಗೆ ಕೊಟ್ಟಿದ್ದು "ಫೋಟೋ ಸ್ಟಾಪ್, 15 ನಿಮಿಷ". 1177ರಲ್ಲಿ ಕಟ್ಟಲು ಶುರುವಾದ ಕೋಟೆ ಅದು. 15 ನಿಮಿಷದಲ್ಲಿ ಹೊರಗಿನ ಗೋಡೆ ನೋಡಿ ಬಸ್ ಹತ್ತಬೇಕು. ಬೇರೆ ಯಾವ ಟೂರ್ ಆದರೂ "ಒಳಗೆ ಪ್ರವೇಶ ಸೇರಿದೆ" ಅಂತ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಸೇರಿಲ್ಲ ಅಂತಲೇ ತಿಳಿಯಿರಿ.

ಈಗ ವೀಸಾ ವಿಷಯ. ನನ್ನ ಹಾಗೆ ಇಲ್ಲಿ ವರ್ಕ್ ಪರ್ಮಿಟ್ ಮೇಲೆ ಇರುವವರು ಮೊದಲು ಕೇಳಿ. ನಿಮ್ಮ ಐಆರ್‌ಪಿ ಕಾರ್ಡ್ (ಇಲ್ಲಿ ಇರಲು ಕೊಡುವ ಅನುಮತಿಯ ಕಾರ್ಡ್) ಐರ್ಲೆಂಡಿಗೆ ಮಾತ್ರ. ಅನುಮತಿಯ ಬಗೆ ಸ್ಟ್ಯಾಂಪ್ 1 ಇರಲಿ, ಸ್ಟ್ಯಾಂಪ್ 4 ಇರಲಿ, ಭಾರತದ ಪಾಸ್‌ಪೋರ್ಟ್ ಇದ್ದರೆ ಬೆಲ್‌ಫಾಸ್ಟ್‌ಗೆ ಹೋಗಲು ಯುಕೆ ವೀಸಾ ಬೇಕು. ಎರಡು ದೇಶದ ನಡುವೆ ಓಡಾಟಕ್ಕೆ ಅಡ್ಡಿಯಿಲ್ಲ ಅನ್ನುತ್ತಾರಲ್ಲ, ಆ ಸವಲತ್ತು ಐರಿಷ್ ಮತ್ತು ಬ್ರಿಟಿಷ್ ಪ್ರಜೆಗಳದ್ದು. ನಮ್ಮದಲ್ಲ. ಅಮೆರಿಕದವರು ಫೋನಿನಲ್ಲೇ ಇಟಿಎ ಅನ್ನೋ ಯುಕೆ ಪ್ರಯಾಣದ ಅನುಮತಿ ಮಾಡಿಸಿಕೊಂಡು ಬರುತ್ತಾರೆ. ಅದು ನಮಗೆ ಸಿಗುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಇದೆ ಅಂತ ಹೊರಡುವವರೂ ಇದ್ದಾರೆ. ಯುಕೆ ಇರಲಿ, ಐರ್ಲೆಂಡ್ ಕೂಡ ಷೆಂಗೆನ್ ಒಳಗಿಲ್ಲ.

ಊರಿಂದ ಬರುವ ಅಪ್ಪ-ಅಮ್ಮನಿಗೆ ಒಂದು ದಾರಿ ಇದೆ. ಬ್ರಿಟಿಷ್-ಐರಿಷ್ ವೀಸಾ ಯೋಜನೆ ಅಂತ. ಭಾರತದಲ್ಲಿ ಅರ್ಜಿ ಹಾಕಿ ಪಡೆದ ಐರ್ಲೆಂಡಿನ ಸಣ್ಣ ಅವಧಿಯ ವೀಸಾದ ಮೇಲೆ "ಬಿಐವಿಎಸ್" (BIVS) ಅನ್ನೋ ಅಕ್ಷರ ಅಚ್ಚಾಗಿದ್ದರೆ ಅದೇ ವೀಸಾದಲ್ಲಿ ಯುಕೆಗೂ ಹೋಗಬಹುದು. ಮೊದಲು ಐರ್ಲೆಂಡಿಗೇ ಬಂದಿಳಿಯಬೇಕು. ಎಲ್ಲರ ವೀಸಾದಲ್ಲೂ ಆ ಅಕ್ಷರ ಇರುವುದಿಲ್ಲ. ನಮ್ಮಪ್ಪ-ಅಮ್ಮನದರಲ್ಲಿ ಇರಲಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ತೆರೆದು ನೋಡಿ. ಇನ್ನೊಂದು ಮಾತು. ಅವರ ವೀಸಾದಲ್ಲಿ ಇದ್ದರೂ ಇಲ್ಲಿ ಕೆಲಸ ಮಾಡುವ ಮಗಳಿಗೋ ಮಗನಿಗೋ ಅದು ಆಗಿ ಬರುವುದಿಲ್ಲ. ಅಪ್ಪ-ಅಮ್ಮ ಹೋಗಬಹುದು, ಕರೆದುಕೊಂಡು ಹೋಗಬೇಕಾದ ನೀವು ಹೋಗುವ ಹಾಗಿಲ್ಲ.

"ಯಾರೂ ಕೇಳಲ್ಲ" ಅನ್ನುವವರಿಗೆ ನನ್ನ ಉತ್ತರ ಇದು. ಗಡಿಯಲ್ಲಿ ಗೇಟು ಇಲ್ಲ, ನಿಜ. ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ಕಿಲೋಮೀಟರ್ ಬೋರ್ಡು ಮೈಲಿ ಬೋರ್ಡಾಗುತ್ತದೆ. ಅಷ್ಟೇ ಗುರುತು. ನಿಮ್ಮ ಸ್ನೇಹಿತರನ್ನು ಯಾರೂ ಕೇಳದೇ ಇದ್ದಿರಬಹುದು. ಆದರೆ ಮುಂದೆ ಯುಕೆ ವೀಸಾಕ್ಕೆ ಅರ್ಜಿ ಹಾಕಿದಾಗ ಹಿಂದಿನ ತಪ್ಪುಗಳ ಬಗ್ಗೆ ಪ್ರಶ್ನೆ ಇರುತ್ತದೆ. ಐದು ವರ್ಷ ಇಲ್ಲಿ ದುಡಿದು ಪೌರತ್ವಕ್ಕೆ ಅರ್ಜಿ ಹಾಕಿದರೆ ಅಲ್ಲೂ ನಡತೆ ನೋಡುತ್ತಾರೆ. ಒಂದು ದಿನದ ಟೂರ್‌ಗೆ ಅದನ್ನೆಲ್ಲ ಪಣಕ್ಕಿಡಬೇಕಾ?

ಡೊನೆಗಲ್ ಬಗ್ಗೆ ಬೇರೆಯಾಗಿ ಹೇಳಲೇಬೇಕು, ಇದು ತುಂಬಾ ಜನರಿಗೆ ಗೊತ್ತಿಲ್ಲ. ದ್ವೀಪದ ವಾಯವ್ಯ ಮೂಲೆಯ ಈ ಡೊನೆಗಲ್ ಕೌಂಟಿ ಪೂರ್ತಿ ಐರ್ಲೆಂಡ್ ಗಣರಾಜ್ಯದ್ದೇ. ಡೊನೆಗಲ್ ಕೋಟೆ, ಗ್ಲೆನ್‌ವೇ ಕೋಟೆ ನೋಡಲು ನಮಗೆ ಯಾವ ಬೇರೆ ವೀಸಾವೂ ಬೇಡ. ಆದರೆ ಡಬ್ಲಿನ್‌ನಿಂದ ಅಲ್ಲಿಗೆ ಹತ್ತಿರದ ರಸ್ತೆ ಉತ್ತರ ಐರ್ಲೆಂಡಿನ ಒಳಗಿಂದಲೇ ಹೋಗುತ್ತದೆ. ಅಲ್ಲಿನ ಲೆಟರ್‌ಕೆನಿಗೆ ಹೋಗುವ ಬಸ್ಸು ಓಮಾ ಊರಿನ ಮೇಲೆ ಹೋಗುತ್ತದೆ, ಅದು ಯುಕೆ. ಫೋನಿನ ಮ್ಯಾಪು ಇದನ್ನು ಹೇಳದೇ ಇರಬಹುದು. ಸ್ವಂತ ಕಾರಿದ್ದರೆ ಸ್ಲೈಗೋ ಮೇಲೆ ಸುತ್ತಿ ಹೋಗಿ. ಟೂರ್ ಬಸ್ ಆದರೆ ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಬರಹದಲ್ಲಿ ಕೇಳಿ.

ಕೋಟೆಯೂ ಬೇಕು, ಕಡಲೂ ಬೇಕು ಅನ್ನುವವರಿಗೆ ಗಡಿಯ ಈಚೆಗೇ ಬೇಕಾದಷ್ಟಿದೆ. ಮಲಹೈಡ್ ಕೋಟೆ, ಹೌತ್ ಬಂದರು ಎರಡಕ್ಕೂ ಡಬ್ಲಿನ್‌ನ ಡಾರ್ಟ್ ಲೋಕಲ್ ರೈಲು ಹೋಗುತ್ತದೆ, ಟೂರೇ ಬೇಡ. ಒಳನಾಡಿನಲ್ಲಿ ಟ್ರಿಮ್, ಕಿಲ್ಕೆನಿ, ಕ್ಯಾಶೆಲ್. ದಕ್ಷಿಣದ ತೀರಕ್ಕೆ ಹೋದರೆ ಕಿನ್ಸೇಲ್. ಎಲ್ಲವೂ ಗಣರಾಜ್ಯದಲ್ಲೇ.

ನಾವು ಆ ದಿನ ಮನೆಗೆ ವಾಪಸ್ ಬರಲಿಲ್ಲ. ಟ್ಯಾಕ್ಸಿಯವರು "ಕಾರ್ಲಿಂಗ್‌ಫೋರ್ಡ್ ನೋಡಿ, ಅದು ಈ ಕಡೆಯೇ ಇದೆ" ಅಂದರು. ಡಂಡಾಕ್‌ನಿಂದ ಹತ್ತಿರ. ಸಣ್ಣ ಊರು, ಇಕ್ಕಟ್ಟಾದ ಹಳೇ ಬೀದಿಗಳು, ನೀರಿನ ಪಕ್ಕ ದಿಬ್ಬದ ಮೇಲೆ ಕಿಂಗ್ ಜಾನ್ಸ್ ಕೋಟೆ. 1210ರಲ್ಲಿ ಇಂಗ್ಲೆಂಡಿನ ರಾಜ ಜಾನ್ ಮೂರು ದಿನ ಇಲ್ಲಿ ಉಳಿದಿದ್ದನಂತೆ, ಅದಕ್ಕೇ ಆ ಹೆಸರು. ಅಪ್ಪ ಆ ದಪ್ಪ ಗೋಡೆಯ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ಆಮೇಲೆ ಪುಸ್ತಕ ತೆಗೆದು 1210 ಅಂತ ಬರೆದುಕೊಂಡರು. ಕೆಳಗೆ ನೀರಿನ ದಡದಲ್ಲಿ ಕೂತು ಮೂವರೂ ಚಿತ್ರಾನ್ನ ತಿಂದೆವು.

ಎದುರಿಗೆ, ಕೊಲ್ಲಿಯ ಆಚೆ ದಡದಲ್ಲಿ ಮೋರ್ನ್ ಬೆಟ್ಟಗಳು ಕಾಣುತ್ತಿದ್ದವು. ಅದು ಯುಕೆ. ಪಕ್ಕದ ಗ್ರೀನೋರ್‌ನಿಂದ ಆ ದಡಕ್ಕೆ ಕಾರು, ಜನ ಎಲ್ಲರನ್ನೂ ಹೊತ್ತುಕೊಂಡು ಹೋಗುವ ಫೆರ್ರಿ ಇದೆ. ಅದರ ಚಿತ್ರವಿದ್ದ ಬೋರ್ಡು ನೋಡಿ ಅಮ್ಮ, "ನಮ್ಮ ಸಿಗಂದೂರು ಲಾಂಚ್ ಥರಾನೇ ಇದೆಯಲ್ಲ, 20 ನಿಮಿಷ ಅಷ್ಟೇ ಅಂತೆ, ಒಂದು ಸಲ ಹೋಗಿ ಬರೋಣ್ವಾ?" ಅಂದರು.

ಅಪ್ಪನೇ ಉತ್ತರ ಕೊಟ್ಟರು. "ಅದು ಆ ದೇಶದ ದಡ ಕಣೇ. ನಮ್ಮ ವೀಸಾ ಈ ನೀರಿನ ತನಕ."