ಕೊನೇ ಒಂಬತ್ತು ಸೆಕೆಂಡಿಗೆ ಯಾವ ಬೋರ್ಡು? ಮ್ಯಾಗ್ನೆಟ್ ಫೋಲ್ಡರ್, ಆ್ಯಪ್, ಸಾದಾ ಮಾರ್ಕರ್ ಬೋರ್ಡು, ಮೂರೂ ಬಳಸಿ ನೋಡಿದ್ಮೇಲೆ

ಬ್ಯಾಸ್ಕೆಟ್‌ಬಾಲ್ ಟೈಮ್‌ಔಟಲ್ಲಿ (ಕೋಚ್ ಕೇಳಿ ಆಟ ನಿಲ್ಲಿಸೋ ಬಿಡುವು) ಯಾರು ಎಲ್ಲಿಗೆ ಓಡ್ಬೇಕು ಅಂತ ಆಟಗಾರರಿಗೆ ತೋರ್ಸೋಕೆ ಯಾವ ಬೋರ್ಡು ಒಳ್ಳೇದು? ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಸಾದಾ ಬಿಳಿ ಮಾರ್ಕರ್ ಬೋರ್ಡಿಗೆ. 320 ರೂಪಾಯಿ ಕೊಟ್ಟಿದ್ದು. ಅದಕ್ಕೂ ಮುಂಚೆ 1,150 ಕೊಟ್ಟು ಆನ್‌ಲೈನಲ್ಲಿ ತರಿಸಿದ್ದ ಮ್ಯಾಗ್ನೆಟ್ ಫೋಲ್ಡರ್ ಈಗ ಮನೇಲಿ ಅಟ್ಟದ ಮೇಲಿದೆ. ಆ್ಯಪ್ ಇನ್ನೂ ಬಳಸ್ತೀನಿ, ಆದ್ರೆ ಮ್ಯಾಚಿಗಲ್ಲ.

ನಾನು ತುಮಕೂರಲ್ಲಿ ಹುಡ್ಗೀರ ಬ್ಯಾಸ್ಕೆಟ್‌ಬಾಲ್ ಟೀಮ್ ಒಂದಕ್ಕೆ ಕೋಚಿಂಗ್ ಮಾಡ್ತೀನಿ, ಹನ್ನೆರಡು ಜನ, ಹೈಸ್ಕೂಲು ಪಿಯುಸಿ ಓದೋರು, ಸಿಮೆಂಟ್ ಕೋರ್ಟು, ಸಾಯಂಕಾಲ ಐದರಿಂದ ಏಳು. ನಮ್ಮ ಮ್ಯಾಚುಗಳು ಹೆಚ್ಚಾಗಿ ಒಂದು ಎರಡು ಪಾಯಿಂಟಲ್ಲೇ ಮುಗಿಯೋದು, ಅದಕ್ಕೇ ಕೊನೇ ಟೈಮ್‌ಔಟಲ್ಲಿ ಕೈಯಲ್ಲಿ ಏನಿದೆ ಅನ್ನೋದು ನಂಗೆ ದೊಡ್ಡ ವಿಷ್ಯ.

ಟೈಮ್‌ಔಟ್ ಅಂದ್ರೆ ಒಂದು ನಿಮಿಷ ಅಂತಾರೆ, ಅದು ಲೆಕ್ಕಕ್ಕೆ ಮಾತ್ರ. ಹುಡ್ಗೀರು ಓಡಿ ಬಂದು ನೀರು ಕುಡ್ದು ಉಸಿರು ಬಿಡೋ ಹೊತ್ತಿಗೆ ಹದಿನೈದು ಸೆಕೆಂಡ್ ಹೋಯ್ತು, 50ನೇ ಸೆಕೆಂಡಿಗೆ ಸ್ಕೋರ್ ಬರೆಯೋರ ಟೇಬಲಿಂದ ಹಾರ್ನ್ ಬರುತ್ತೆ, ಅದು ಬಂದ್ಮೇಲೆ ಯಾರೂ ಏನೂ ಕೇಳಿಸ್ಕೊಳಲ್ಲ. ಕೈಗೆ ಸಿಗೋದು ಮೂವತ್ತೈದು ಸೆಕೆಂಡ್ ಅಷ್ಟೆ. ಅದೂ ನಾಲ್ಕನೇ ಕ್ವಾರ್ಟರಿನ ಕೊನೇ 2 ನಿಮಿಷದಲ್ಲಿ ಜಾಸ್ತಿ ಅಂದ್ರೆ ಎರಡೇ ಟೈಮ್‌ಔಟ್.

ಈಗ ಮ್ಯಾಗ್ನೆಟ್ ಫೋಲ್ಡರ್ ವಿಷ್ಯಕ್ಕೆ ಬರ್ತೀನಿ. ನೋಡೋಕೆ ತುಂಬಾ ಚೆನ್ನಾಗಿದೆ, ಸುತ್ತ ಜಿಪ್ಪು, ಒಳಗೆ ಕೋರ್ಟ್ ಚಿತ್ರ, ಕೆಂಪು ನೀಲಿ ನಂಬರ್ ಬಿಲ್ಲೆಗಳು. ಟೇಬಲ್ ಮೇಲಿಟ್ಟು ಆರಾಮಾಗಿ ಪಾಠ ಮಾಡೋಕೆ ಒಳ್ಳೇದೇ. ಆದ್ರೆ ಅದರಲ್ಲಿ ಒಂದು ತೊಂದ್ರೆ ಇದೆ, ಬ್ಯಾಸ್ಕೆಟ್‌ಬಾಲಿಗೆ ಅದೊಂದು ಸಾಕು ಕೈ ಕೊಡೋಕೆ. ನಮ್ಮಾಟದಲ್ಲಿ ಸ್ಕ್ರೀನ್ ಇಲ್ದೆ ಪ್ಲೇ (ಮೊದ್ಲೇ ಕಲ್ತಿರೋ ಆಟದ ಪ್ಲಾನು) ಇಲ್ಲ, ಸ್ಕ್ರೀನ್ ಅಂದ್ರೆ ಒಬ್ಳು ಎದುರಿನ ಡಿಫೆಂಡರಿಗೆ ಅಡ್ಡ ನಿಲ್ಬೇಕು, ಅವಳ ಭುಜಕ್ಕೆ ಭುಜ ತಾಗೋ ಹಂಗೆ ಇನ್ನೊಬ್ಳು ದಾಟ್ಬೇಕು. ಅದನ್ನ ತೋರ್ಸೋಕೆ ಎರಡು ಬಿಲ್ಲೆ ಹತ್ರ ತಂದ್ರೆ ಕೆಲವು ಟಪ್ ಅಂತ ಒಂದಕ್ಕೊಂದು ಅಂಟ್ಕೊಳ್ತವೆ, ಕೆಲವು ಒಂದನ್ನೊಂದು ದೂರ ತಳ್ತವೆ! ನಾನು ಉಗುರಲ್ಲಿ ಬಿಡ್ಸಿ ಮತ್ತೆ ಇಡ್ಬೇಕು, ಇಡೋಷ್ಟರಲ್ಲಿ ಪಕ್ಕದ್ದು ಜರುಗಿರುತ್ತೆ. ಹತ್ತು ಬಿಲ್ಲೆ ಜೋಡ್ಸೋಕೆ ಎಷ್ಟೊತ್ತು ಬೇಕು ಅಂತ ಆಮೇಲೆ ಮನೇಲಿ ಫೋನಿನ ಸ್ಟಾಪ್‌ವಾಚ್ ಇಟ್ಟು ನೋಡ್ದೆ, 22 ಸೆಕೆಂಡ್. ಮೂವತ್ತೈದರಲ್ಲಿ ಇಪ್ಪತ್ತೆರಡು ಕಳದ್ರೆ ಮಾತಾಡೋಕೆ ಉಳಿಯೋದೇನು?

ಈ ಲೆಕ್ಕ ಹಾಕೋದಕ್ಕೂ ಮುಂಚೆ ಒಂದು ಮ್ಯಾಚ್ ಹೋಗಿತ್ತು. ಎದುರಿನೋರು ಬಾಸ್ಕೆಟ್ ಹಾಕಿ 53-52 ಮಾಡಿದ್ರು, 9 ಸೆಕೆಂಡ್ ಉಳಿದಿತ್ತು, ಟೈಮ್‌ಔಟ್ ತಗೊಂಡೆ. ಮೊಣಕಾಲ ಮೇಲೆ ಫೋಲ್ಡರ್ ಓರೆಯಾಗಿ ಹಿಡ್ದು ಐದು ಜನಕ್ಕೆ ತೋರಿಸ್ತಾ ಇದ್ದೆ, ನೀಲಿ 7ನೇ ಬಿಲ್ಲೆ ನಿಧಾನಕ್ಕೆ ಜಾರಿ ಎಡಗಡೆ ಕಾರ್ನರಿಗೆ ಬಂದಿತ್ತು, ನಾನು ಬಾಯಲ್ಲಿ ಬಲಗಡೆ ಅಂತಾನೇ ಹೇಳ್ತಿದ್ದೆ. ಗಲಾಟೆಯಲ್ಲಿ ಮಾತು ಯಾರಿಗೆ ಕೇಳುತ್ತೆ, ಕಣ್ಣಿಗೆ ಕಂಡಿದ್ದೇ ನೆನಪಿರೋದು. ಏಳನೇ ನಂಬರ್ ಹುಡುಗಿ ಎಡಗಡೆ ಹೋದ್ಲು, ಅಲ್ಲಿ ಆಗ್ಲೇ ಇನ್ನೊಬ್ಳು ನಿಂತಿದ್ಲು, ಇಬ್ರಿಗೂ ಸೇರಿ ಒಬ್ಬಳೇ ಡಿಫೆಂಡರ್, ಬಲಗಡೆ ಖಾಲಿ ಜಾಗಕ್ಕೆ ಹೋದ ಪಾಸು ನೇರ ಲೈನ್ ಆಚೆ. ಮ್ಯಾಚ್ ಅಲ್ಲಿಗೇ ಹೋಯ್ತು. ಆ ಹುಡುಗಿ "ಸರ್, ಬೋರ್ಡಲ್ಲಿ ಎಡಗಡೆನೇ ಇತ್ತು ಸರ್" ಅಂತ ಅಳ್ತಾ ಅಂದ್ಲು. ಅವಳದ್ದು ಒಂಚೂರೂ ತಪ್ಪಿರ್ಲಿಲ್ಲ.

ಇನ್ನೊಂದು ಮಾತು, ಬಿಲ್ಲೆ ತೋರ್ಸೋದು ಎಲ್ಲಿ ನಿಂತ್ಕೊಬೇಕು ಅನ್ನೋದನ್ನ, ಯಾವ ದಾರೀಲಿ ಓಡ್ಬೇಕು ಅನ್ನೋದನ್ನಲ್ಲ. ಕೊನೇ ಸೆಕೆಂಡಲ್ಲಿ ಬೇಕಾಗಿರೋದು ದಾರಿ.

ಆ್ಯಪ್ ವಿಷ್ಯಕ್ಕೆ ಬಂದ್ರೆ, ಗೆರೆ ಎಳೆದ್ರೆ ಆಟಗಾರರ ಚುಕ್ಕಿಗಳು ತಾವೇ ಓಡಾಡ್ತವೆ, ಹುಡ್ಗೀರಿಗೆ ಬಲು ಇಷ್ಟ. ಹಿಂದಿನ ರಾತ್ರಿ ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ, ನೋಡ್ಕೊಂಡು ಬರ್ತಾರೆ. ಮ್ಯಾಚಲ್ಲಿ ಮಾತ್ರ ಬೇಡ, ನಾಲ್ಕು ಗಂಟೆ ಬಿಸಿಲಿಗೆ ಸ್ಕ್ರೀನ್ ಮೇಲೆ ನಮ್ಮ ಮುಖನೇ ಕಾಣೋದು.

ಚಾಕ್‌ಪೀಸ್ ಹಿಡ್ದು ನೆಲದ ಮೇಲೇ ಬರೆಯೋದು ಪ್ರಾಕ್ಟೀಸಿಗೆ ಎಲ್ಲಕ್ಕಿಂತ ಬೆಸ್ಟು, ದುಡ್ಡೂ ಇಲ್ಲ. ಬೇರೆಯೋರ ಕೋರ್ಟಲ್ಲಿ ಹಂಗೆ ಮಾಡೋಕಾಗಲ್ಲ.

ಸಾದಾ ಬೋರ್ಡನ್ನ ಚಿಕ್ಕಪೇಟೆ ಕಡೆ ಒಂದು ಸ್ಟೇಷನರಿ ಅಂಗಡೀಲಿ ತಗೊಂಡೆ, ಮಕ್ಕಳು ಅಕ್ಷರ ತಿದ್ದೋಕೆ ತಗೊಳ್ತಾರಲ್ಲ ಆ ಥರದ್ದು, ಸ್ವಲ್ಪ ದೊಡ್ಡದು. ಪರ್ಮನೆಂಟ್ ಮಾರ್ಕರಲ್ಲಿ ನಾನೇ ಸ್ಕೇಲ್ ಇಟ್ಟು ಅರ್ಧ ಕೋರ್ಟ್ ಬರೆದೆ. ಅರ್ಧ ಯಾಕೆ ಅಂದ್ರೆ, ಕೊನೇ 2 ನಿಮಿಷದಲ್ಲಿ ನಮ್ಮ ಹಿಂದಿನ ಅರ್ಧದಿಂದ (ನಾವು ಕಾಯೋ ಕಡೆ) ಬಾಲನ್ನ ಕೋರ್ಟ್ ಒಳಗೆ ಎಸೆಯೋದಿದ್ದಾಗ ಟೈಮ್‌ಔಟ್ ತಗೊಂಡ್ರೆ ಬಾಲನ್ನ ಮುಂದಿನ ಅರ್ಧದ ಥ್ರೋ-ಇನ್ ಲೈನಿಂದ ಹಾಕ್ಬಹುದು, ಎಲ್ಲಿಂದ ಅಂತ ಕೋಚೇ ಹೇಳ್ಬೇಕು. ಟೇಬಲ್ ಎದುರುಗಡೆ ಸೈಡ್‌ಲೈನಲ್ಲಿ, ಎಂಡ್‌ಲೈನಿಂದ 8.325 ಮೀಟರ್ ದೂರದಲ್ಲಿರೋ ಸಣ್ಣ ಗೆರೆ ಅದು. ಹಂಗೆ ಮುಂದೆ ತಗೊಂಡ್ರೆ ಶಾಟ್ ಕ್ಲಾಕಲ್ಲಿ (ಶೂಟ್ ಮಾಡೋಕೆ ಉಳಿದಿರೋ ಸೆಕೆಂಡು ತೋರ್ಸೋ ಗಡಿಯಾರ) 14ಕ್ಕಿಂತ ಜಾಸ್ತಿ ಇದ್ರೂ 14ಕ್ಕೇ ಇಳಿಯುತ್ತೆ, ಆದ್ರೆ 9 ಸೆಕೆಂಡ್ ಉಳಿದಾಗ ಅದರ ಚಿಂತೆ ಯಾಕೆ. ಅರ್ಧ ಕೋರ್ಟೇ ಇಡೀ ಬೋರ್ಡಿಗೆ ಬಂದ್ರೆ ಐದೂ ಜನಕ್ಕೆ ದೂರದಿಂದ ಕಾಣುತ್ತೆ.

ಟೈಮ್‌ಔಟ್ ಖಾಲಿಯಾಗಿದ್ರೆ ಮಾತ್ರ ಪೂರ್ತಿ ಕೋರ್ಟ್ ದಾಟ್ಬೇಕು, ಅದಂತೂ ಬೋರ್ಡಲ್ಲಿ ಹೇಳೋ ಕೆಲ್ಸನೇ ಅಲ್ಲ, ಮೊದ್ಲೇ ಕಲ್ತಿರ್ಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಕಥೆ ಪ್ರತಿ ಹೊಸ ಬ್ಯಾಚಿಗೂ ಹೇಳ್ತೀನಿ. ಅಮೆರಿಕ 50-49 ಮುಂದಿತ್ತು, ಸೋವಿಯತ್‌ನೋರು ಟೈಮ್‌ಔಟ್ ಕೇಳಿದ್ವಿ ಅಂತ ಜಗಳ ತೆಗೆದ್ರು, ಗಡಿಯಾರ ಮತ್ತೆ 3 ಸೆಕೆಂಡಿಗೆ ತಿರುಗಿಸಿದ್ರು, ಇವಾನ್ ಎಡೆಷ್ಕೊ ಆ ತುದಿಯಿಂದ ಎಸೆದಿದ್ದನ್ನ ಅಲೆಕ್ಸಾಂಡರ್ ಬೆಲೋವ್ ಈ ತುದೀಲಿ ರಿಂಗ್ ಕೆಳಗೆ ಹಿಡ್ದು ಹಾಕ್ದ, 51-50. 3 ಸೆಕೆಂಡಲ್ಲಿ ಇಷ್ಟೆಲ್ಲ ಆಗುತ್ತೆ ಅಂದ್ರೆ ಹುಡ್ಗೀರು ಬಾಯಿ ಬಿಟ್ಕೊಂಡು ಕೇಳ್ತಾರೆ, ಆಮೇಲೆ ಉದ್ದ ಪಾಸ್ ಪ್ರಾಕ್ಟೀಸಿಗೆ ಯಾರೂ ಗೊಣಗಲ್ಲ.

ಬೋರ್ಡಿನ ಹಿಂಭಾಗ ಇನ್ನೂ ಉಪಯೋಗ. ಅಲ್ಲಿ ನಾಲ್ಕು ಖಾನೆ ಮಾಡಿದೀನಿ, ಉಳಿದ ಸೆಕೆಂಡು, ಉಳಿದ ಟೈಮ್‌ಔಟು, ಎರಡೂ ಕಡೆ ಟೀಮ್ ಫೌಲು, ಜಂಪ್‌ಬಾಲ್ ಬಾಣ (ಬಾಲಿಗೆ ಎರಡೂ ಕಡೆಯೋರು ಕೈ ಹಾಕಿ ಹಿಡ್ಕೊಂಡ್ರೆ ಅದು ಯಾರಿಗೆ ಅಂತ ತೋರ್ಸೋದು) ಯಾರ ಕಡೆ. ನಮ್ಮ ಮ್ಯಾನೇಜರ್ ಹುಡುಗಿ ಅದನ್ನ ತುಂಬಿಸಿ ಕೊಡ್ತಾಳೆ, ನಾನು ಒಂದು ಸಲ ಕಣ್ಣಾಡ್ಸಿ ತಿರುಗಿಸ್ತೀನಿ. ಎದುರಿನೋರಿಗೆ ಆಗ್ಲೇ ನಾಲ್ಕು ಫೌಲ್ ಆಗಿದ್ರೆ ಮುಂದಿಂದಕ್ಕೆ ನಮಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬರದೆ ಹಾಕೋ ಶಾಟು), ಆಗ ದೂರದಿಂದ ಶೂಟ್ ಮಾಡೋ ಬದ್ಲು ಒಳಗೆ ನುಗ್ಗು ಅಂತೀನಿ.

ಪ್ಲೇಗಳಿಗೆ ಹುಡ್ಗೀರೇ ನಮ್ಮೂರ ಕಡೆ ಬೆಟ್ಟಗಳ ಹೆಸ್ರಿಟ್ಟಿದಾರೆ. "ಮಧುಗಿರಿ" ಅಂದ್ರೆ ಎರಡು ಸ್ಕ್ರೀನ್ ಸುತ್ಕೊಂಡು ಕಾರ್ನರಿಗೆ ಬರೋದು. "ದುರ್ಗ" ಅಂದ್ರೆ ಬಾಲ್ ನೇರ ರಿಂಗ್ ಹತ್ರಕ್ಕೆ ಎತ್ತರದಲ್ಲಿ, 0.2 ಸೆಕೆಂಡ್ ಉಳಿದಾಗ ಅದೊಂದೇ ದಾರಿ, ಯಾಕಂದ್ರೆ 0.3ಕ್ಕಿಂತ ಕಮ್ಮಿ ಇದ್ರೆ ಹಿಡ್ದು ಶೂಟ್ ಮಾಡೋ ಹಂಗಿಲ್ಲ, ಗಾಳೀಲೇ ತಟ್ಟಿ ಒಳಗೆ ಹಾಕ್ಬೇಕು. ಟೈಮ್‌ಔಟಲ್ಲಿ ನಾನು "ಮಧುಗಿರಿ" ಅಂದು ಏಳನೇ ನಂಬರಿಗೆ ಒಂದೇ ಒಂದು ದಪ್ಪ ಗೆರೆ ಎಳೀತೀನಿ, ಸ್ಕ್ರೀನ್ ಇಡೋ ಜಾಗಕ್ಕೆ ಎರಡು ಅಡ್ಡಗೆರೆ, ಅಷ್ಟೆ. ಎಂಟು ಸೆಕೆಂಡ್ ಸಾಕು. ಮಿಕ್ಕಿದ್ದರಲ್ಲಿ ಒಬ್ಬೊಬ್ರನ್ನೂ "ನೀನೆಲ್ಲಮ್ಮ?" ಅಂತ ಕೇಳ್ತೀನಿ, ಅವ್ರು ಬೋರ್ಡ್ ಮೇಲೆ ಬೆರಳಿಟ್ಟು ತೋರಿಸ್ತಾರೆ.

ಹೊಸ ಬೋರ್ಡ್ ತಂದ ಎರಡು ತಿಂಗ್ಳಿಗೆ ಒಂದು ಫ್ರೆಂಡ್ಲಿ ಮ್ಯಾಚಲ್ಲಿ 6 ಸೆಕೆಂಡ್ ಇದ್ದಾಗ ಅದೇ ಹುಡುಗಿ ಎರಡು ಸ್ಕ್ರೀನ್ ದಾಟಿ ಬಲಗಡೆ ಕಾರ್ನರಿಗೆ ಒಬ್ಳೇ ಬಂದು ನಿಂತ್ಲು. ಶಾಟ್ ರಿಂಗ್ ಮೇಲೆ ಒಂದು ಸುತ್ತು ಹೊಡ್ದು ಆಚೆ ಬಿತ್ತು, ಸೋತ್ವಿ. ಆದ್ರೆ ಐದೂ ಜನ ಇರ್ಬೇಕಾದ ಜಾಗದಲ್ಲೇ ಇದ್ರು, ಅವತ್ತು ವಾಪಸ್ ಬರ್ತಾ ಕ್ಯಾತ್ಸಂದ್ರದಲ್ಲಿ ಎಲ್ರಿಗೂ ತಟ್ಟೆ ಇಡ್ಲಿ ಕೊಡ್ಸಿದೆ.

ನೀವು ಒಳಾಂಗಣ ಕೋರ್ಟಲ್ಲಿ ಆಡೋರು, ಕೂತ್ಕೊಂಡು ಕ್ಲಾಸ್ ತಗೊಳ್ಳೋರು ಆದ್ರೆ ಮ್ಯಾಗ್ನೆಟ್ ತಗೊಳ್ಳಿ, ಬೇಡ ಅನ್ನಲ್ಲ. ನನ್ನ ಹಂಗೆ ಬಿಸಿಲಲ್ಲಿ, ಸ್ವಂತ ಜೇಬಿಂದ ನಡೆಸೋರಿಗೆ ಸಾದಾ ಬೋರ್ಡು, ಎರಡು ಕಪ್ಪು ಮಾರ್ಕರು, ದಾರದಲ್ಲಿ ಕಟ್ಟಿದ ಒಂದು ಹಳೇ ಕಾಟನ್ ಬಟ್ಟೆ. ಮಾರ್ಕರನ್ನ ಬ್ಯಾಗಲ್ಲಿ ನೆಟ್ಟಗೆ ನಿಲ್ಲಿಸ್ಬೇಡಿ, ಮಲಗಿಸಿ ಇಡಿ, ಇಲ್ದಿದ್ರೆ ಇಂಕು ಒಂದು ಕಡೆ ಇಳ್ದು ಬರೆಯೋ ಹೊತ್ತಿಗೆ ಮಸುಕಾಗಿ ಬರುತ್ತೆ.